ಸೂಜಿಯ ಸುತ್ತು ಎಣಿಸುವ ಆರ್ಡಿಸ್

ಶನಿವಾರ ಬೆಳಿಗ್ಗೆ ಆರೂವರೆ. ಕಾಪರ್ ಬೆಂಡ್ ಎಂಬ ಊರಿನ ಐಸ್ ಹಾಕಿ ಅಂಗಣದ ಹಿಂದಿರುವ ಪಾರ್ಕಿಂಗ್ ಜಾಗದಲ್ಲಿ ಒಂದೇ ಒಂದು ಪಿಕಪ್ ನಿಂತಿದೆ. ಅದರ ಹಿಂಬಾಗಿಲನ್ನು ಕೆಳಗಿಳಿಸಿ ಮೇಜು ಮಾಡಿಕೊಂಡಿರುವ ಹಿರಿಯ ಮಹಿಳೆ ಆರ್ಡಿಸ್ ಕೊಸ್ಕಿ, ಮೊಳದುದ್ದದ ಕೆಂಪು ಬಗ್ಗಿಯೊಂದರ, ಅಂದರೆ ರಿಮೋಟ್‌ನಿಂದ ಓಡಿಸುವ ಆಟದ ಕಾರಿನ, ಇಂಜಿನ್‌ಗೆ ಗುಲಾಬಿ ಬಣ್ಣದ ಹೇರ್ ಡ್ರೈಯರ್‌ನಿಂದ ಬಿಸಿ ಗಾಳಿ ಹಾಯಿಸುತ್ತಿದ್ದಾರೆ. ಸರೋವರದ ಕಡೆಯಿಂದ ಬರುವ ಸೆಪ್ಟೆಂಬರ್ ಗಾಳಿಗೆ ಅವರ ಮೂಗಿನ ತುದಿ ಕೆಂಪಾಗಿದೆ. ಡ್ರೈಯರ್ ಅವರ ತಂಗಿಯ ಬ್ಯೂಟಿ ಪಾರ್ಲರ್ ಮುಚ್ಚಿದಾಗ ಸಿಕ್ಕಿದ್ದು. ಅದರ ವೈರು ಅಂಗಣದ ಹಿಂಗೋಡೆಯ ಪ್ಲಗ್ಗಿನವರೆಗೆ ಹಾವಿನಂತೆ ಹರಿದಿದೆ.

"ಚಳೀಲಿ ಪಿಸ್ಟನ್ ಬಿಗಿಯಾಗಿ ಕೂತಿರತ್ತೆ. ಬಿಸಿ ತಾಗಿದ್ರೆ ತಾನಾಗೇ ಸಡಿಲ ಆಗತ್ತೆ. ಅದು ಬಿಟ್ಟು ಹಗ್ಗ ಹಿಡಿದು ಜಗ್ಗಿದ್ರೆ ಹಗ್ಗ ಕೈಗೆ ಬರತ್ತೆ, ಅಷ್ಟೇ" ಎನ್ನುತ್ತಾರೆ ಅವರು.

ಅಂಗಣದಲ್ಲಿ ಮಂಜುಗಡ್ಡೆ ನುಣುಪು ಮಾಡುವ ಗಾಡಿ ಓಡಿಸುವ ಕ್ಲೇಟನ್ ವುವೋರಿ ಕೀಲಿಗೊಂಚಲು ಆಡಿಸುತ್ತ ಬರುತ್ತಾನೆ. ಪ್ಲಗ್ ಕೊಟ್ಟಿರುವವನು ಅವನೇ. "ಏನು ಆರ್ಡಿಸ್, ಇವತ್ತು ಯಾರಿಗೆ ತಲೆಸ್ನಾನ?"

"ನಿಂಗೇ ಮಾಡಿಸೋಣ ಅಂತಿದ್ದೆ. ಒಣಗಿಸೋಕೆ ನಿನ್ ತಲೇಲಿ ಏನೂ ಉಳಿದಿಲ್ವಲ್ಲ."

ಕ್ಲೇಟನ್ ಟೋಪಿ ತೆಗೆದು ಬೋಳುತಲೆ ಸವರಿಕೊಂಡು ನಗುತ್ತಾನೆ. ಆರ್ಡಿಸ್ ನಗುವುದಿಲ್ಲ. ಅವರ ಕಣ್ಣು ಮತ್ತೆ ಮತ್ತೆ ರಸ್ತೆಯ ಕಡೆ ಹೋಗುತ್ತಿದೆ. ಏಳೂವರೆಗೆ ಬಗ್ಗಿಯ ಒಡತಿ ಮಾರ್ವೆಲ್ ಪೆಲೆಟಿಯರ್ ಬರುತ್ತಾರೆ. ಅವರಿಗೆ ಕೊಟ್ಟ ಒಂದು ಮಾತನ್ನು ಆರ್ಡಿಸ್ ಉಳಿಸಿಕೊಂಡಿಲ್ಲ. ಅದನ್ನು ಇವತ್ತು ಹೇಳಬೇಕು.

ಒಂದು ಕಾಲಕ್ಕೆ ಈ ಊರಿನ ಪ್ರತಿ ಬೀದಿಯಲ್ಲೂ ಇಂಥ ಎರಡು ಮೂರು ಬಗ್ಗಿಗಳಿದ್ದವು. ಇವು ಕುಡಿಯುವುದು ಪೆಟ್ರೋಲ್ ಅಲ್ಲ, ಹರಳೆಣ್ಣೆ ಬೆರೆಸಿದ ನೈಟ್ರೋ ಎಂಬ ಇಂಧನ. ಹುಲ್ಲು ಕತ್ತರಿಸುವ ಯಂತ್ರದಂತೆ ಹಗ್ಗ ಎಳೆದು ಶುರು ಮಾಡಬೇಕು. ಶುರುವಾದರೆ ಕಣಜದ ಹಾಗೆ ಚೀರುತ್ತವೆ, ಸಿಹಿ ವಾಸನೆಯ ಹೊಗೆ ಬಿಡುತ್ತವೆ, ರಿಮೋಟ್ ಹಿಡಿದವನ ಅಂಗಿಗೆಲ್ಲ ಎಣ್ಣೆ ಸಿಡಿಸುತ್ತವೆ. ಆಮೇಲೆ ಬ್ಯಾಟರಿಯ ಕಾರುಗಳು ಬಂದವು. ಒತ್ತಿದರೆ ಓಡುವ ಕಾರು ಇರುವಾಗ ಹಗ್ಗ ಜಗ್ಗುವ ಕಷ್ಟ ಯಾರಿಗೆ ಬೇಕು. ಬಗ್ಗಿಗಳು ನೆಲಮಾಳಿಗೆಯ ಕಪಾಟು ಸೇರಿದವು. ಅಲ್ಲಿಂದ ಹೊರಗೆ ಬರುವುದು ಮನೆ ಖಾಲಿ ಮಾಡುವಾಗ, ಇಲ್ಲವೇ ಮನೆಯಲ್ಲಿ ಯಾರಾದರೂ ತೀರಿಕೊಂಡಾಗ.

ಆಗ ಅವು ಆರ್ಡಿಸ್ ಬಳಿಗೆ ಬರುತ್ತವೆ. ಹನ್ನೊಂದು ವರ್ಷಗಳಿಂದ, ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಸುಮಾರು ಶನಿವಾರಕ್ಕೊಂದು ಬಗ್ಗಿ. ಹತ್ತು ಗಂಟೆಗೆ ಸ್ಕೇಟಿಂಗ್ ಮಕ್ಕಳ ತಂದೆತಾಯಿಯರ ಕಾರುಗಳು ಬಂದು ಜಾಗ ತುಂಬುವವರೆಗೆ ಕೆಲಸ. ಒಟ್ಟು ಮುನ್ನೂರಾದರೂ ಆಗಿರಬಹುದು ಎನ್ನುತ್ತಾರೆ ಅವರು. ಅವರ ಬೀರುವಿನ ಬಾಗಿಲ ಒಳಮೈಗೆ ಬಗ್ಗಿಗೊಂದರಂತೆ ಅಂಟಿಸಿರುವ ಟೇಪಿನ ತುಂಡುಗಳನ್ನು ಒಂದೊಂದಾಗಿ ಎಣಿಸಿದರೆ ಇನ್ನೂರ ಎಪ್ಪತ್ತನಾಲ್ಕು ಸಿಗುತ್ತವೆ. ಕೆಲವು ಉದುರಿಹೋಗಿರಲೂಬಹುದು.

"ರೇಸ್‌ಗೆ ಬೇಕು ಅಂದ್ರೆ ಬೇರೆ ಕಡೆ ಹೋಗಿ ಅಂತೀನಿ. ಭಾನುವಾರ ಮಧ್ಯಾಹ್ನ ಎರಡು ಟ್ಯಾಂಕ್ ಓಡ್ಸಿ, ಬಟ್ಟೆ ಕೊಳೆ ಮಾಡ್ಕೊಂಡು, ಮನೇಲಿ ಬೈಸ್ಕೋಬೇಕು ಅಂದ್ರೆ ನನ್ ಹತ್ರ ಬನ್ನಿ."

ವಾರದ ಉಳಿದ ದಿನಗಳಲ್ಲಿ ಆರ್ಡಿಸ್ ಊರಿನ ಹಾರ್ಡ್‌ವೇರ್ ಅಂಗಡಿಯ ಹಿಂಬದಿಯ ರಿಪೇರಿ ಬೆಂಚಿನಲ್ಲಿರುತ್ತಾರೆ. ವಸಂತದಲ್ಲಿ ಹುಲ್ಲಿನ ಯಂತ್ರ, ಚಳಿಗಾಲಕ್ಕೆ ಮುಂಚೆ ಹಿಮ ತಳ್ಳುವ ಯಂತ್ರ, ವರ್ಷವಿಡೀ ಮರ ಕೊಯ್ಯುವ ಗರಗಸ. ದಿನಕ್ಕೆ ಆರು ಯಂತ್ರ ಅವರ ಕೈ ದಾಟಿ ಹೋಗುತ್ತವೆ. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಆ ಅಂಗಡಿಗೆ ಸೇರಿದ್ದು ಕ್ಯಾಷಿಯರ್ ಆಗಿ. ಬೆಂಚಿನಲ್ಲಿದ್ದ ಮೆಕ್ಯಾನಿಕ್ ಒಂದು ನವೆಂಬರ್‌ನಲ್ಲಿ ಜಿಂಕೆ ಬೇಟೆಗೆಂದು ವಾರ ರಜೆ ಹಾಕಿ ಹೋದವನು ತಿರುಗಿ ಬರಲೇ ಇಲ್ಲ. ರಿಪೇರಿಗೆ ಬಂದ ಹನ್ನೊಂದು ಗರಗಸಗಳು ಸಾಲಾಗಿ ಬಿದ್ದಿದ್ದವು. ತಂದೆಯ ಗ್ಯಾರೇಜಿನಲ್ಲಿ ಹೆಣ್ಣುಮಗಳಿಗೆ ಪ್ರವೇಶವಿರಲಿಲ್ಲ. ಆದರೆ ಅಂಗಡಿಯ ಹಿಂಬಾಗಿಲು ಸದಾ ತೆರೆದಿರುತ್ತಿತ್ತು, ಎರಡು ವರ್ಷ ಆ ಬಾಗಿಲಿನಿಂದ ಅವರು ನೋಡಿಕೊಂಡೇ ಇದ್ದರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ದಿನಕ್ಕೊಂದರಂತೆ ಹನ್ನೊಂದನ್ನೂ ಸರಿಮಾಡಿದರು.

ಮಾಲೀಕ ಅವರನ್ನು ಬೆಂಚಿಗೆ ಕಳುಹಿಸಿದ. ಎದೆಯ ಮೇಲಿನ ಚೀಟಿಯಲ್ಲಿ ಮಾತ್ರ ಇನ್ನೂ ಎಂಟು ವರ್ಷ 'ಕ್ಯಾಷಿಯರ್' ಎಂದೇ ಇತ್ತು. ಗಿರಾಕಿಗಳು ಬಂದು ಅವರ ಹೆಗಲ ಮೇಲಿಂದ ಹಿಂದಕ್ಕೆ ಇಣುಕಿ "ಮೆಕ್ಯಾನಿಕ್ ಇಲ್ವಾ?" ಎಂದು ಕೇಳುತ್ತಿದ್ದರು.

"ಊಟಕ್ಕೆ ಹೋಗಿದಾನೆ ಅಂತಿದ್ದೆ. ಎಂಟು ವರ್ಷ ಊಟ ಮಾಡ್ದ ಪುಣ್ಯಾತ್ಮ. ಅಷ್ಟರಲ್ಲಿ ಗರಗಸ ರಿಪೇರಿ ಆಗಿರ್ತಿತ್ತು, ತಗೊಂಡು ಹೋಗ್ತಿದ್ರು. ಯಾರು ಮಾಡಿದ್ರು ಅಂತ ಒಬ್ರೂ ಕೇಳ್ಲಿಲ್ಲ."

ಆ ಬೆಂಚು ಅವರಿಂದ ತೆಗೆದುಕೊಂಡದ್ದು ಕಿವಿ. ಮಾತು ಕೇಳುತ್ತದೆ, ಎದುರಿಗೆ ನಿಂತು ಆಡಿದರೆ. ತೆಳುವಾದ, ಎತ್ತರದ ಸದ್ದುಗಳೆಲ್ಲ ಹೋಗಿವೆ. "ಮೊದ್ಲು ಹಕ್ಕಿಗಳು ಹೋದ್ವು. ಆಮೇಲೆ ಒಲೆಯ ಟೈಮರ್ ಗಂಟೆ. ಇಂಜಿನ್ನಿಂದು ಗುಡುಗು ಮಾತ್ರ ಕೇಳತ್ತೆ, ಚೀರಾಟ ಕೇಳಲ್ಲ." ಹಾಗಾಗಿ ಬೇರೆಯವರು ಕಿವಿಯಿಂದ ಮಾಡುವ ಕೆಲಸವನ್ನು ಅವರು ಕಣ್ಣು, ಬೆರಳುಗಳಿಂದ ಮಾಡುತ್ತಾರೆ. ಹೊಗೆ ಎಷ್ಟು ದಪ್ಪ ಬರುತ್ತಿದೆ ನೋಡುತ್ತಾರೆ. ಓಡಿ ಬಂದ ಇಂಜಿನ್ನಿನ ತಲೆಯ ಮೇಲೆ ಬೆರಳಿನಿಂದ ಒಂದು ಹನಿ ನೀರು ಬಿಟ್ಟು ಎಣಿಸುತ್ತಾರೆ. ಹನಿ ಮೂರರವರೆಗೆ ಕುದಿದು ಹೋದರೆ ಸರಿ. ಹಾಗೇ ಕೂತಿದ್ದರೆ ಇಂಜಿನ್ ತಣ್ಣಗಿದೆ. ತಾಗಿದ ಕೂಡಲೇ ಮಾಯವಾದರೆ ಅದು ತನ್ನನ್ನು ತಾನೇ ಸುಟ್ಟುಕೊಳ್ಳುತ್ತಿದೆ.

ಹಳೆಯ ಬಗ್ಗಿ ಬಂದರೆ ಮಾಡುವ ಕೆಲಸಗಳಿಗೆ ಒಂದು ಕ್ರಮವಿದೆ. ಗಾಳಿ ಸೋಸುವ ಸ್ಪಂಜು ಹಳಸಿದ ರಸ್ಕಿನಂತೆ ಪುಡಿಪುಡಿಯಾಗಿರುತ್ತದೆ, ಅದನ್ನು ಬದಲಾಯಿಸುತ್ತಾರೆ. ಇಂಧನದ ಕೊಳವೆ ಗಟ್ಟಿಯಾಗಿ ಸೀಳಿರುತ್ತದೆ, ಅದನ್ನೂ. ರಿಮೋಟ್‌ನ ಮಾತು ಕೇಳುವ ರೇಡಿಯೋದ ಬ್ಯಾಟರಿ ಡಬ್ಬಿಯಲ್ಲಿ ಹಸಿರು ಪುಡಿ ಕಟ್ಟಿರುತ್ತದೆ, ಕೆರೆಯುತ್ತಾರೆ. ರೇಡಿಯೋ ನಿಂತರೆ ಇಂಜಿನ್ನಿನ ಗಾಳಿಬಾಯಿಯನ್ನು ಮುಚ್ಚುವ ಸ್ಪ್ರಿಂಗನ್ನು ಮೂರು ಸಲ ಪರೀಕ್ಷಿಸುತ್ತಾರೆ. "ರೇಡಿಯೋ ಸತ್ರೆ ಬಗ್ಗೀನೂ ಸುಮ್ನಾಗ್ಬೇಕು. ಇಲ್ದಿದ್ರೆ ಅದು ಯಾರದೋ ಕಾಲು ಹುಡುಕ್ಕೊಂಡು ಹೋಗತ್ತೆ."

ಆದರೆ ಇದೆಲ್ಲಕ್ಕೂ ಮೊದಲು ಇನ್ನೊಂದಿದೆ. ಕಾರ್ಬುರೇಟರ್‌ನ ಪಕ್ಕದಲ್ಲಿ ಒಂದು ಸಣ್ಣ ಹಿತ್ತಾಳೆ ಸ್ಕ್ರೂ ಇರುತ್ತದೆ, ಅದರ ತುದಿ ಸೂಜಿಯಂತೆ ಚೂಪು. ಇಂಜಿನ್ ಎಷ್ಟು ಇಂಧನ ಕುಡಿಯಬೇಕೆಂಬುದನ್ನು ಆ ಸೂಜಿ ನಿರ್ಧರಿಸುತ್ತದೆ. ಒಳಕ್ಕೆ ತಿರುಗಿಸಿದರೆ ಇಂಧನ ಕಡಿಮೆ, ಶಾಖ ಜಾಸ್ತಿ. ಹೊರಕ್ಕೆ ತಿರುಗಿಸಿದರೆ ಇಂಧನ, ಹೊಗೆ ಎರಡೂ ಜಾಸ್ತಿ. ಬಗ್ಗಿಯನ್ನು ಬಿಚ್ಚುವ ಮೊದಲು ಆರ್ಡಿಸ್ ಆ ಸೂಜಿಯನ್ನು ಮೆಲ್ಲಗೆ ತಳ ಮುಟ್ಟುವವರೆಗೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಎಣಿಸುತ್ತಾರೆ. ಟೇಪಿನ ಮೇಲೆ ಮನೆಯ ಹೆಸರು, ಸುತ್ತಿನ ಸಂಖ್ಯೆ ಬರೆದು ಬೀರುವಿನ ಬಾಗಿಲಿಗೆ ಅಂಟಿಸುತ್ತಾರೆ. ಎಲ್ಲ ಶುಚಿಯಾದ ಮೇಲೆ ಸೂಜಿಯನ್ನು ಅಷ್ಟೇ ಸುತ್ತು ಹೊರಕ್ಕೆ ತಂದು ಮೊದಲ ಸಲ ಶುರು ಮಾಡುತ್ತಾರೆ. ಮಾಲೀಕ ಬಿಟ್ಟಿದ್ದಂತೆ ಒಮ್ಮೆ ಓಡಲಿ, ತಿದ್ದುವುದು ಆಮೇಲೆ.

"ಇವರೆಲ್ಲ ಪತ್ರ ಬರೆಯೋ ಗಂಡಸರಲ್ಲ, ಡೈರಿ ಬರೆಯೋರೂ ಅಲ್ಲ. ಬರೆದಿಟ್ಟು ಹೋಗಿದ್ದು ಅಂದ್ರೆ ಇದೇ. ಮೂರು ಸುತ್ತು, ಎರಡೂವರೆ ಸುತ್ತು. ಅದನ್ನ ಓದ್ದೆ ಅಳಿಸಿದ್ರೆ ಹೆಂಗೆ?"

ಮಾರ್ವೆಲ್ ಪೆಲೆಟಿಯರ್‌ಗೆ ಎಪ್ಪತ್ತೊಂಬತ್ತು ವರ್ಷ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಬಡಿಸಿದವರು. ಆರ್ಡಿಸ್ ಕೂಡ ಅವರ ಸೌಟಿನ ಸೂಪು ಕುಡಿದೇ ಓದಿದ್ದು. ಅದಿರಿನ ರೈಲು ಓಡಿಸುತ್ತಿದ್ದ ಅವರ ಗಂಡ ಗಾರ್ಡನ್ ತೀರಿಕೊಂಡು ನಾಲ್ಕು ವರ್ಷವಾಯಿತು. ಈ ಕೆಂಪು ಬಗ್ಗಿಯನ್ನು ಗಾರ್ಡನ್ ತಂದದ್ದು ತೊಂಬತ್ತಾರರಲ್ಲಿ. ಭಾನುವಾರ ಊಟವಾದ ಮೇಲೆ ಹಿತ್ತಲಿನ ಜಲ್ಲಿ ದಾರಿಯಲ್ಲಿ ಓಡಿಸುತ್ತಿದ್ದರು. ಮಾರ್ವೆಲ್ ಅಡುಗೆಮನೆಯ ಕಿಟಕಿಯಲ್ಲಿ ಪಾತ್ರೆ ತೊಳೆಯುತ್ತ ಆ ಸದ್ದು ಕೇಳುತ್ತಿದ್ದರು. ರಿಮೋಟ್ ಅವರ ಕೈಗೆ ಒಂದು ಸಲವೂ ಸಿಗಲಿಲ್ಲ.

"ನೀನು ಹೂವಿನ ಕುಂಡಕ್ಕೆ ಗುದ್ತೀಯ ಅಂತಿದ್ದ. ಇಪ್ಪತ್ತೆರಡು ವರ್ಷ ಅದೇ ಮಾತು. ಅವನೇ ಆರು ಕುಂಡ ಒಡೆದ" ಎನ್ನುತ್ತಾರೆ ಮಾರ್ವೆಲ್.

ಆಗಸ್ಟ್ ಕೊನೆಯಲ್ಲಿ ಬಗ್ಗಿಯನ್ನು ತಂದುಕೊಟ್ಟಾಗ ಅವರು ಹಾಕಿದ ಷರತ್ತು ಒಂದೇ. ಏನು ಬೇಕಾದರೂ ಬದಲಾಯಿಸು, ಆ ಸೂಜಿ ಮಾತ್ರ ಅವನು ಎಲ್ಲಿ ಬಿಟ್ಟಿದ್ದನೋ ಅಲ್ಲೇ ಇರಲಿ. ತೀರಿಕೊಳ್ಳುವ ಹಿಂದಿನ ಭಾನುವಾರ ಗಾರ್ಡನ್ ಕೊನೆಯದಾಗಿ ಮುಟ್ಟಿದ್ದು ಅದನ್ನೇ. ಆರ್ಡಿಸ್ "ಆಯ್ತು" ಅಂದರು. ಇನ್ನೂರ ಎಪ್ಪತ್ತು ಸಲ ಮಾಡಿದ ಕೆಲಸ, ಅನುಮಾನಪಡಲು ಏನಿತ್ತು.

ಎಣಿಸಿದರು. ಎರಡೂಕಾಲು ಬಂತು. ಟೇಪಿಗೆ ಬರೆದರು. ಬಿಚ್ಚಿ, ತೊಳೆದು, ಜೋಡಿಸಿ, ಎರಡೂಕಾಲಿಗೆ ತಂದು, ಬುಧವಾರ ಸಂಜೆ ಅಂಗಡಿಯ ಹಿಂದೆ ಹಗ್ಗ ಎಳೆದರು. ಶುರುವಾಯಿತು. ಹೊಗೆ ಬರಲಿಲ್ಲ. ನೀರಿನ ಹನಿ ತಾಗುವ ಮೊದಲೇ ಆವಿಯಾದಂತೆ ಹಾರಿತು. ಆರ್ಡಿಸ್ ಇಂಧನದ ಕೊಳವೆಯನ್ನು ಬೆರಳಲ್ಲಿ ಹಿಸುಕಿ ಇಂಜಿನ್ ನಿಲ್ಲಿಸಿದರು. ಇನ್ನೊಂದು ನಿಮಿಷ ಬಿಟ್ಟಿದ್ದರೆ ಪಿಸ್ಟನ್ ಹೋಗುತ್ತಿತ್ತು.

ಕಾರಣ ಬಿಡಿಭಾಗ ತೊಳೆದ ಬಟ್ಟಲಿನಲ್ಲಿ ಸಿಕ್ಕಿತು. ಮಸೂರಬೇಳೆಯಷ್ಟು ಗಾತ್ರದ ಕಂದು ಅಂಟು, ಮೂರು ಚೂರಾಗಿದೆ. ಒಂದು ಚೂರಿನ ಮೇಲೆ ಸೂಜಿಮೊನೆಯ ಗುಳಿ. ನಾಲ್ಕು ವರ್ಷದಲ್ಲಿ ಇಂಧನ ಆರಿ, ಅದರಲ್ಲಿದ್ದ ಹರಳೆಣ್ಣೆ ಸೂಜಿಯ ತಳದಲ್ಲಿ ಕಲ್ಲಿನಂತೆ ಗಟ್ಟಿಯಾಗಿತ್ತು. ಆರ್ಡಿಸ್ ಎಣಿಸುವಾಗ ಸೂಜಿ ತಲುಪಿದ್ದು ನಿಜವಾದ ತಳವನ್ನಲ್ಲ, ಈ ಅಂಟನ್ನು. ಎರಡೂಕಾಲು ಎಂಬುದು ಸುಳ್ಳು ಲೆಕ್ಕ. ನಿಜವಾದದ್ದು ಅದಕ್ಕಿಂತ ಹೆಚ್ಚು, ಎಷ್ಟು ಹೆಚ್ಚೆಂದು ಹೇಳಲು ಈಗ ದಾರಿಯಿಲ್ಲ. ಎಣಿಸುವ ರೂಢಿಯಿಲ್ಲದವರಿಗೆ ಈ ತಪ್ಪು ಆಗುವುದೇ ಇಲ್ಲ. ಅವರಿಗೆ ಕಳೆದುಕೊಳ್ಳಲು ಲೆಕ್ಕವೇ ಇರುವುದಿಲ್ಲ.

ಏಳೂವರೆಗೆ ಸರಿಯಾಗಿ ಮಾರ್ವೆಲ್ ಬರುತ್ತಾರೆ. ಕಂದು ಕೋಟು, ಟವೆಲ್ಲಿನಲ್ಲಿ ಸುತ್ತಿದ ಏಲಕ್ಕಿ ಬ್ರೆಡ್ಡು. ಬ್ರೆಡ್ಡನ್ನು ಪಿಕಪ್‌ನ ಮೇಲೆ ಇಡುವಷ್ಟರಲ್ಲಿ ಆರ್ಡಿಸ್ ಬೆಂಕಿಪೊಟ್ಟಣವೊಂದನ್ನು ತೆರೆದು ಅವರ ಮುಂದೆ ಹಿಡಿಯುತ್ತಾರೆ. ಒಳಗೆ ಮೂರು ಕಂದು ಚೂರು. ಆದದ್ದನ್ನು ಆದ ಹಾಗೆ, ಕಾಫಿಗೂ ಮುಂಚೆ, ಹೇಳಿ ಮುಗಿಸುತ್ತಾರೆ.

"ಅಂದ್ರೆ ಅದು ಹೋಯ್ತು" ಎನ್ನುತ್ತಾರೆ ಮಾರ್ವೆಲ್.

"ಹೋಯ್ತು. ನನ್ ಕೈಯಿಂದಾನೇ ಹೋಯ್ತು."

ಮಾರ್ವೆಲ್ ಅಂಗಣದ ಗೋಡೆಯವರೆಗೆ ನಡೆದುಹೋಗುತ್ತಾರೆ. ಬೆನ್ನು ತಿರುಗಿಸಿ ಅಲ್ಲೇ ನಿಲ್ಲುತ್ತಾರೆ. ಕ್ಲೇಟನ್ ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಬಿಗಿದು ಸದ್ದು ನಿಲ್ಲಿಸುತ್ತಾನೆ. ಆರ್ಡಿಸ್ ಬೆಂಕಿಪೊಟ್ಟಣ ಮುಚ್ಚುತ್ತಾರೆ, ತೆರೆಯುತ್ತಾರೆ, ಮುಚ್ಚುತ್ತಾರೆ.

ಸ್ವಲ್ಪ ಹೊತ್ತಿಗೆ ಮಾರ್ವೆಲ್ ವಾಪಸ್ ಬಂದು ಆರ್ಡಿಸ್ ಮುಖಕ್ಕೆ ನೇರ ನಿಲ್ಲುತ್ತಾರೆ. "ನೀನು ಹೇಳ್ದೇ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತೇನೇ?"

"ಇಲ್ಲ."

"ಮತ್ಯಾಕೆ ಹೇಳ್ದೆ?"

"ಟೇಪ್ ಮೇಲೆ ನಿಮ್ಮನೆ ಹೆಸರಿಗೆ ಸುಳ್ಳು ಲೆಕ್ಕ ಬರ್ದಿದ್ದೆ."

ಮಾರ್ವೆಲ್ ಕ್ಲೇಟನ್ ಕಡೆ ತಿರುಗಿ, "ಏ, ಒಂದು ಕುರ್ಚಿ ಹಾಕೋ. ನಿಂತ್ಕೊಂಡು ಕೇಳೋಕೆ ನನ್ ಮಂಡಿ ಒಪ್ಪಲ್ಲ" ಎನ್ನುತ್ತಾರೆ. ಆರ್ಡಿಸ್‌ಗೆ ಹೇಳುವುದು ಇಷ್ಟೇ: "ಶುರು ಮಾಡು. ಲೆಕ್ಕ ನಂಗೆ ಗೊತ್ತಿಲ್ಲ. ಸದ್ದು ಗೊತ್ತು."

ಆರ್ಡಿಸ್ ಸೂಜಿಯನ್ನು ನಾಲ್ಕು ಸುತ್ತು ತೆರೆಯುತ್ತಾರೆ. ಹಗ್ಗ ಎರಡು ಸಲ ಎಳೆಯುವಷ್ಟರಲ್ಲಿ ಇಂಜಿನ್ ಕೆಮ್ಮಿಕೊಂಡು ಎದ್ದೇಳುತ್ತದೆ. ಬಿಳಿ ಹೊಗೆ ಬಿಡುತ್ತ ಬಗ್ಗಿ ಮಾರ್ವೆಲ್ ಕುರ್ಚಿಯ ಮುಂದೆ ಹಾದುಹೋಗುತ್ತದೆ. ಅವರು ಕಣ್ಣು ಮುಚ್ಚಿಕೊಂಡಿದ್ದಾರೆ.

"ಇದಕ್ಕೆ ಗಂಟಲಲ್ಲಿ ಕಫ ಕಟ್ಟಿದೆ. ಅಲ್ಲ."

ಕಾಲು ಸುತ್ತು ಒಳಕ್ಕೆ. ಇನ್ನೊಂದು ಓಟ. "ಅಲ್ಲ." ಮತ್ತೆ ಕಾಲು ಸುತ್ತು. "ಇದು ನಿನ್ ಹುಲ್ಲಿನ ಮಿಷನ್ ಇದ್ದಂಗಿದೆ." ಮತ್ತೆ ಕಾಲು. "ಮೇಲೆ, ಇನ್ನೂ ಮೇಲೆ. ಅವನದ್ದು ಅಳೋ ಥರ ಇತ್ತು." ಆರ್ಡಿಸ್‌ಗೆ ಈ ವ್ಯತ್ಯಾಸಗಳಲ್ಲಿ ಒಂದೂ ಕೇಳಿಸುವುದಿಲ್ಲ. ಬಗ್ಗಿಯ ಕಡೆ ನೋಡುವುದನ್ನೂ ಬಿಟ್ಟು, ಒಂದೊಂದು ಓಟಕ್ಕೂ ಮಾರ್ವೆಲ್ ಮುಖವನ್ನೇ ನೋಡುತ್ತಾರೆ. ಐದನೇ ಸಲ ತಿರುಗಿಸಿ ಓಡಿಸಿದಾಗ ಆ ಮುಖ ಬದಲಾಗುತ್ತದೆ. ಮಡಿಲಲ್ಲಿದ್ದ ಕೈ ಮೇಲಕ್ಕೇಳುತ್ತದೆ. ಪಾತ್ರೆಯೊಂದನ್ನು ನೀರಿನಿಂದ ಎತ್ತಿ ಹಿಡಿದಂತೆ ಅದು ಗಾಳಿಯಲ್ಲೇ ನಿಲ್ಲುತ್ತದೆ.

"ಅದೇ" ಎನ್ನುತ್ತಾರೆ.

ಎರಡೂಮುಕ್ಕಾಲು. ಆರ್ಡಿಸ್ ಬಗ್ಗಿಯನ್ನು ಹತ್ತಿರ ತಂದು ನೀರಿನ ಹನಿ ಬಿಡುತ್ತಾರೆ. ಒಂದು ಎನ್ನುವಷ್ಟರಲ್ಲಿ ಹನಿ ಇಲ್ಲ. ಇಲ್ಲಿಗೆ ಸುಮ್ಮನಾಗಬಹುದಿತ್ತು. ಕೇಳಿದ್ದು ಸಿಕ್ಕಿದೆ, ಮಾರ್ವೆಲ್ ಕಣ್ಣು ಒದ್ದೆಯಾಗಿದೆ. ಆರ್ಡಿಸ್ ಸುಮ್ಮನಾಗುವುದಿಲ್ಲ.

"ಮಾರ್ವೆಲ್, ಗಾರ್ಡನ್ ಇದನ್ನ ತುಂಬಾ ಬಿಸಿಯಾಗಿ ಓಡಿಸ್ತಿದ್ರು. ಹಿಂಗೇ ಬಿಟ್ರೆ ಇನ್ನೆರಡು ಬೇಸಿಗೆ ಬಾಳಲ್ಲ ಇದು."

ಮಾರ್ವೆಲ್‌ಗೆ ನಗು ಬರುತ್ತದೆ, ಹೊಟ್ಟೆ ಕುಣಿಯುವಂಥ ನಗು. "ಅವನು ಎಲ್ಲಾನೂ ಹಂಗೇ ಓಡಿಸಿದ್ದು ಕಣೇ. ಕಾರು, ಒಲೆ, ಬಾಯಿ. ಹಿತ್ತಲಲ್ಲಿ ಮೂರನೇ ಸುತ್ತು ಓಡೋಷ್ಟರಲ್ಲಿ ಇದು ನಿಂತುಹೋಗೋದು, ಅವನ ಬಾಯಿ ಶುರು ಆಗೋದು. ನಾನು ಕಿಟಕಿ ಮುಚ್ಕೋತಿದ್ದೆ." ಕಣ್ಣೊರೆಸಿಕೊಂಡು, "ಇನ್ನೊಂದು ಸಲ ಕೇಳಿಸು. ಒಂದೇ ಸಲ. ಆಮೇಲೆ ನಿಂದು ಹಾಕು."

"ನಂದಲ್ಲ. ನಿಮ್ದು."

ಒಂದು ಸುತ್ತು ಗಾರ್ಡನ್ ಸದ್ದು ಜಾಗವನ್ನೆಲ್ಲ ತುಂಬುತ್ತದೆ. ಆಮೇಲೆ ಆರ್ಡಿಸ್ ಸೂಜಿಯನ್ನು ಅರ್ಧ ಸುತ್ತು ಹೊರಕ್ಕೆ ತರುತ್ತಾರೆ. ಹೊಗೆ ತೆಳ್ಳಗೆ, ನೀಲಿಯಾಗಿ ಬರುತ್ತದೆ. ಹನಿ ಮೂರರವರೆಗೆ ಕುದಿಯುತ್ತದೆ. ರಿಮೋಟ್ ಮಾರ್ವೆಲ್ ಕೈಗೆ ಹೋಗುತ್ತದೆ. ಹತ್ತು ಮಾರು ಹೋಗುವಷ್ಟರಲ್ಲಿ ಬಗ್ಗಿ ಕ್ಲೇಟನ್‌ನ ಕಸದ ಡಬ್ಬಿಗೆ ಗುದ್ದಿ ಮಗುಚಿಕೊಳ್ಳುತ್ತದೆ.

"ಕುಂಡ ಇದ್ದಿದ್ರೆ ಒಡೆದೇ ಹೋಗ್ತಿತ್ತು" ಎನ್ನುತ್ತಾನೆ ಕ್ಲೇಟನ್.

"ಬಾಯ್ಮುಚ್ಕೊಂಡು ಎತ್ತಿ ನಿಲ್ಸೋ" ಎನ್ನುತ್ತಾರೆ ಮಾರ್ವೆಲ್.

ಬೀರುವಿನ ಬಾಗಿಲ ಮೇಲೆ ಈಗ ಪೆಲೆಟಿಯರ್ ಟೇಪಿನಲ್ಲಿ ಹಳೆಯ ಸಂಖ್ಯೆಗೆ ಒಂದು ಗೀಟು ಬಿದ್ದಿದೆ, ಅಳಿಸಿಲ್ಲ. ಅದರ ಕೆಳಗೆ ಎರಡು ಸಾಲು: ಗಾರ್ಡನ್, ಎರಡೂಮುಕ್ಕಾಲು. ಮಾರ್ವೆಲ್, ಮೂರೂಕಾಲು. ಪಕ್ಕದಲ್ಲಿ ಹೊಸದಾಗಿ ಒಂದು ಕ್ಯಾಲಿಪರ್ ನೇತಾಡುತ್ತಿದೆ. ಇನ್ನು ಮೇಲೆ ಎಣಿಸುವ ಮೊದಲು ಸೂಜಿಯ ತಲೆ ಎಷ್ಟು ಹೊರಗಿದೆ ಎಂದು ಅಳೆದು, ಅದನ್ನೂ ಬರೆದಿಡುತ್ತಾರಂತೆ. ಅರವತ್ಮೂರನೇ ವಯಸ್ಸಿನಲ್ಲಿ ಕೆಲಸಕ್ಕೆ ಒಂದು ಹೆಜ್ಜೆ ಸೇರಿತು ಎಂದು ಹೇಳುವಾಗ ಅವರ ದನಿಯಲ್ಲಿ ಬೇಸರವಿಲ್ಲ.

ಆರ್ಡಿಸ್ ಲೆಕ್ಕದಲ್ಲಿ ಕೆಲಸ ಇಲ್ಲಿಗೂ ಮುಗಿಯುವುದಿಲ್ಲ. ಬಗ್ಗಿಯ ಒಡೆಯರು ಇನ್ನೊಂದು ದಿನ ಬಂದು, ಮೊದಲಿಂದ ಕೊನೆಯವರೆಗೆ ತಮ್ಮ ಕೈಯಿಂದಲೇ ಶುರು ಮಾಡಬೇಕು. ಅಷ್ಟು ಹೊತ್ತೂ ಆರ್ಡಿಸ್ ಎರಡು ಕೈಯನ್ನೂ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ನಿಂತಿರುತ್ತಾರೆ. ಕೈ ಹೊರಗೆ ಬಂದರೆ ಕೆಲಸ ಬಾಕಿ ಎಂದರ್ಥ.

ಮುಂದಿನ ಶನಿವಾರ ಮಾರ್ವೆಲ್ ತಮ್ಮದೇ ಹೇರ್ ಡ್ರೈಯರ್ ತಂದಿದ್ದಾರೆ. ಇಂಜಿನ್ ಬಿಸಿ ಮಾಡುತ್ತಾರೆ. ಟ್ಯಾಂಕ್ ತುಂಬುತ್ತಾರೆ, ಕೋಟಿನ ಮೇಲೂ ಒಂದಿಷ್ಟು ಚೆಲ್ಲಿಕೊಳ್ಳುತ್ತಾರೆ. ಹಗ್ಗ ಎಳೆಯುತ್ತಾರೆ. ಇಲ್ಲ. ಇನ್ನೊಮ್ಮೆ. ಇಲ್ಲ. ಮೂರನೇ ಸಲಕ್ಕೂ ಇಲ್ಲ. ಆರ್ಡಿಸ್‌ರ ಬಲ ಮೊಣಕೈ ಸಣ್ಣಗೆ ಅಲುಗಾಡುತ್ತದೆ.

"ಜೇಬಲ್ಲೇ ಇರ್ಲಿ" ಎನ್ನುತ್ತಾರೆ ಮಾರ್ವೆಲ್, ತಲೆಯೆತ್ತದೆ. ಮಂಡಿಯನ್ನು ಪಿಕಪ್‌ಗೆ ಒತ್ತಿ, ನಾಲ್ಕನೇ ಸಲ ಎಳೆಯುತ್ತಾರೆ.

ಆರ್ಡಿಸ್‌ಗೆ ಮೊದಲು ಕಾಣುವುದು ಹೊಗೆ. ಆಮೇಲೆ ಗುಡುಗು ಕಾಲಿಗೆ ತಾಗುತ್ತದೆ. ಬಗ್ಗಿ ಕಸದ ಡಬ್ಬಿಯನ್ನು ಸುತ್ತುಹಾಕಿ, ತಿರುಗಿ, ಮೂರನೇ ಸುತ್ತನ್ನೂ ನಿಲ್ಲದೆ ಮುಗಿಸುತ್ತದೆ. ಮಾರ್ವೆಲ್ ನಾಲಿಗೆ ಕಚ್ಚಿಕೊಂಡು ರಿಮೋಟ್ ಒತ್ತುತ್ತಿದ್ದಾರೆ, ಕೋಟಿಗೆಲ್ಲ ಎಣ್ಣೆ.

ಇನ್ನು ಮುಂದೆ ನಿಮಗೇನು ಬೇಕು ಎಂದು ಕೇಳಿದಾಗಲೂ ಆರ್ಡಿಸ್ ಕಣ್ಣು ಬಗ್ಗಿಯ ಮೇಲೇ ಇದೆ.

"ಇನ್ನೊಂದಷ್ಟು ವರ್ಷ ಶನಿವಾರ ಹಿಂಗೇ ನಿಂತ್ಕೋಬೇಕು. ಕೈ ಜೇಬಲ್ಲಿಟ್ಕೊಂಡು."

ಕೈಗಳು ಇನ್ನೂ ಅಲ್ಲೇ ಇವೆ.